ಒಂದೇ ಕಂಪ್ಯೂಟರ್, ಮನೆಮಂದಿಗೆಲ್ಲ ಅವರವರದ್ದೇ ಡ್ರೈವ್: ಹೀಗೆ ಮಾಡ್ಕೊಳ್ಳಿ

ಮೂಡಿಗೆರೆ ಹತ್ರ ನಮ್ಮ ಭಾವನ ತೋಟದ ಮನೇಲಿ ಇರೋದು ಒಂದೇ ಲ್ಯಾಪ್‌ಟಾಪ್. ಬೆಳಗ್ಗೆ ಭಾವ ಅದ್ರಲ್ಲಿ ಚೆಕ್‌ರೋಲ್ (ಕೆಲಸದವ್ರ ಹಾಜರಿ, ಕೂಲಿ ಲೆಕ್ಕದ ಪಟ್ಟಿ) ತುಂಬ್ತಾರೆ, ಮಳೆ ಎಷ್ಟು ಇಂಚು ಎಷ್ಟು ಸೆಂಟ್ಸ್ ಅಂತ ಬರೀತಾರೆ, ಮಧ್ಯಾಹ್ನ ಅಕ್ಕನ ಸಂಘದ ಲೆಕ್ಕ, ರಾತ್ರಿ ಮಗಳ ಕಾಲೇಜ್ ಪ್ರಾಜೆಕ್ಟು. ಎಲ್ಲಾದಕ್ಕೂ ಒಂದೇ ಜಿಮೇಲ್, ಫೈಲು ನೆಟ್‌ನಲ್ಲಿ ಇಡೋಕೆ ಒಂದೇ ಗೂಗಲ್ ಡ್ರೈವ್. ಜನವರಿ ಕೊಯ್ಲಿನ ಟೈಮಲ್ಲಿ ಸ್ಟೋರೇಜ್ ಫುಲ್ ಅಂತ ತೋರಿಸ್ತು ಅಂತ ಹುಡುಗಿ ಹಳೇದಿರ್ಬೇಕು ಅಂದ್ಕೊಂಡು ಒಂದು ಫೋಲ್ಡರ್ ಡಿಲೀಟ್ ಮಾಡಿಬಿಟ್ಲು, ಅದು ಚೆಕ್‌ರೋಲ್ ಫೋಲ್ಡರ್. ಬಟವಾಡೆ ದಿನ ಕೆಲಸದವ್ರು ಕಣದಲ್ಲಿ ನಿಂತಿದಾರೆ, ಯಾರು ಎಷ್ಟು ಕೆಜಿ ಕೊಯ್ದಿದಾರೆ ಅನ್ನೋ ಲೆಕ್ಕಾನೇ ಇಲ್ಲ. ಫೋನಲ್ಲಿ ಭಾವನ ಧ್ವನಿ ನಡುಗ್ತಿತ್ತು. "ಭಾವ, ಎಡಗಡೆ ಟ್ರ್ಯಾಶ್ ಅಂತ ಇದೆ ನೋಡಿ, ಅದ್ರಲ್ಲಿದ್ರೆ ರೈಟ್ ಕ್ಲಿಕ್ ಮಾಡಿ ರಿಸ್ಟೋರ್ ಕೊಡಿ" ಅಂದೆ, ಸಿಕ್ತು. ಟ್ರ್ಯಾಶ್‌ನಲ್ಲಿ 30 ದಿನ ಇರುತ್ತೆ ಅಷ್ಟೇ, ಆಮೇಲೆ ಹೋಯ್ತು.

ಆ ಭಾನುವಾರನೇ ಹೋಗಿ ಎಲ್ಲಾ ಬೇರೆ ಮಾಡಿಕೊಟ್ಟೆ. ನಿಮ್ಮನೇಲೂ ಹಿಂಗೇ ಇದ್ರೆ ದಯವಿಟ್ಟು ಇವತ್ತೇ ಮಾಡ್ಕೊಳ್ಳಿ.

ಮೊದಲು ಒಬ್ಬೊಬ್ರಿಗೂ ಸ್ವಂತ ಜಿಮೇಲ್ ಇರ್ಲಿ. ಗೂಗಲ್ ಫ್ರೀಯಾಗಿ ಕೊಡೋ 15 ಜಿಬಿ ಡ್ರೈವಿಗೆ ಮಾತ್ರ ಅಲ್ಲ, ಮೇಲ್, ಫೋಟೋಸ್ ಎಲ್ಲಾ ಸೇರಿ. ಮೂರು ಜನದ ಫೋನ್ ಫೋಟೋ ಒಂದೇ ಕಡೆ ಹೋಗ್ತಿದ್ರೆ ತುಂಬದೆ ಏನಾಗುತ್ತೆ.

ಇನ್ನು ಮುಖ್ಯವಾದ ಕೆಲಸ. ಸುಮಾರು ಜನ ಕ್ರೋಮ್‌ನಲ್ಲಿ ಮೂಲೇಲಿರೋ ಫೋಟೋ ಒತ್ತಿ ಇನ್ನೊಂದು ಪ್ರೊಫೈಲ್ ಸೇರಿಸಿದ್ರೆ ಮುಗೀತು ಅಂದ್ಕೊಳ್ತಾರೆ. ಅದಕ್ಕೆ ಬೀಗ ಇಲ್ಲ, ಯಾರು ಒತ್ತಿದ್ರೂ ಓಪನ್ ಆಗುತ್ತೆ, ಡೌನ್‌ಲೋಡ್ ಮಾಡಿದ ಪಹಣಿ, ಆಧಾರ್, ಮಾರ್ಕ್ಸ್ ಕಾರ್ಡ್ ಎಲ್ಲಾ ಒಂದೇ ಫೋಲ್ಡರಿಗೆ ಬಂದು ಬೀಳುತ್ತೆ. ಬೇರೆ ಮಾಡ್ಬೇಕಾಗಿರೋದು ವಿಂಡೋಸ್ ಯೂಸರ್‌ನೇ, ಅಂದ್ರೆ ಕಂಪ್ಯೂಟರ್ ಆನ್ ಮಾಡಿದಾಗ ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗೋ ಖಾತೆನೇ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಅಕೌಂಟ್ಸ್, ಅದರ್ ಯೂಸರ್ಸ್, ಅಲ್ಲಿ ಆಡ್ ಅಕೌಂಟ್. ಇಮೇಲ್ ಕೇಳಿದಾಗ ಈ ವ್ಯಕ್ತಿಯ ಮಾಹಿತಿ ನನ್ನ ಹತ್ರ ಇಲ್ಲ ಅನ್ನೋ ಲಿಂಕ್ ಒತ್ತಿ, ಮುಂದೆ ಮೈಕ್ರೋಸಾಫ್ಟ್ ಅಕೌಂಟ್ ಇಲ್ಲದೆ ಯೂಸರ್ ಸೇರಿಸಿ ಅನ್ನೋದು ಒತ್ತಿ, ಹೆಸರು ಪಾಸ್‌ವರ್ಡ್ ಕೊಡಿ. ಪಾಸ್‌ವರ್ಡ್ ಅವರವರೇ ಟೈಪ್ ಮಾಡ್ಲಿ. ಎಲ್ಲಾರೂ ಸ್ಟ್ಯಾಂಡರ್ಡ್ ಯೂಸರ್ ಆಗಿರ್ಲಿ, ಅಡ್ಮಿನ್ (ಕಂಪ್ಯೂಟರ್ ಮೇಲೆ ಪೂರ್ತಿ ಅಧಿಕಾರ ಇರೋರು) ಮನೇಲಿ ಒಬ್ರು ಸಾಕು, ಯಾಕಂದ್ರೆ ಅಡ್ಮಿನ್ ಆದವ್ರು ಬೇಕಂದ್ರೆ ಬೇರೆಯವರ ಫೋಲ್ಡರನ್ನೂ ತೆಗೀಬಹುದು.

ಇದಾದ್ಮೇಲೆ ಒಬ್ಬೊಬ್ರೇ ತಮ್ಮ ಯೂಸರಿಗೆ ಹೋಗಿ ತಮ್ಮ ಡ್ರೈವ್ ಆಪ್‌ಗೆ ಸೈನ್ ಇನ್ ಆಗ್ಬೇಕು. ಗೂಗಲ್ ಡ್ರೈವ್ ಆಪ್‌ನಲ್ಲಿ ಒಂದೇ ಯೂಸರಲ್ಲಿ 4 ಅಕೌಂಟ್ ಹಾಕ್ಬಹುದು ನಿಜ, ಆದ್ರೆ ಮೈಕ್ರೋಸಾಫ್ಟ್‌ನವ್ರ ಇದೇ ಥರದ ಒನ್‌ಡ್ರೈವ್‌ಗೆ ಪರ್ಸನಲ್ ಅಕೌಂಟ್ ಒಂದೇ, ಅದಕ್ಕೂ ಯೂಸರ್ ಬೇರೆ ಇದ್ರೇನೆ ಸರಿ. ಸ್ಟ್ರೀಮ್ ಬೇಕಾ ಮಿರರ್ ಬೇಕಾ ಅಂತ ಕೇಳುತ್ತೆ. ಮಿರರ್ ಅಂದ್ರೆ ಡ್ರೈವಲ್ಲಿರೋದೆಲ್ಲ ಲ್ಯಾಪ್‌ಟಾಪಿಗೂ ಬರುತ್ತೆ, ಮೂರು ಜನ ಹಾಕಿದ್ರೆ ಡಿಸ್ಕ್ ಬೇಗ ತುಂಬುತ್ತೆ. ಸ್ಟ್ರೀಮ್ ಅಂದ್ರೆ ಫೈಲು ನೆಟ್‌ನಲ್ಲೇ ಇದ್ದು ತೆಗೆದಾಗ ಮಾತ್ರ ಬರುತ್ತೆ, ಅದನ್ನೇ ಇಡಿ. ಆದ್ರೆ ನಮ್ಮ ಮಲೆನಾಡಲ್ಲಿ ಜುಲೈ ಮಳೆ ಹಿಡೀತು ಅಂದ್ರೆ ನೆಟ್ ನಂಬೋ ಹಾಗಿಲ್ಲ, ಅದಕ್ಕೆ ಚೆಕ್‌ರೋಲ್ ಥರ ದಿನಾ ಬೇಕಾಗೋ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಆಫ್‌ಲೈನ್ ಸಿಗೋ ಹಾಗೆ ಮಾಡಿಡಿ. ಇನ್ನೊಂದು ನೆನಪಿರ್ಲಿ, ಈ ಡ್ರೈವ್ ಫೋಲ್ಡರಲ್ಲಿ ಅಳಿಸಿದ್ರೆ ಲ್ಯಾಪ್‌ಟಾಪಲ್ಲಿ ಮಾತ್ರ ಅಲ್ಲ, ಫೋನಲ್ಲೂ ಹೋಗುತ್ತೆ.

ಒನ್‌ಡ್ರೈವ್ ವಿಷಯದಲ್ಲಿ ಸ್ವಲ್ಪ ಹುಷಾರು. ಭಾವನ ಲ್ಯಾಪ್‌ಟಾಪ್ ಶುರುವಲ್ಲೇ ಮಗಳ ಐಡಿಲಿ ಸೈನ್ ಇನ್ ಆಗಿತ್ತು, ಡೆಸ್ಕ್‌ಟಾಪ್ ಡಾಕ್ಯುಮೆಂಟ್ಸ್ ಬ್ಯಾಕಪ್ ಆನ್ ಇತ್ತು, ಭಾವನ ಬ್ಯಾಂಕ್ ಕಾಗದ ಎಲ್ಲಾ ಅವಳ 5 ಜಿಬಿಗೆ ಹೋಗಿ ಕೂತಿತ್ತು. ಒನ್‌ಡ್ರೈವ್ ಸೆಟ್ಟಿಂಗ್ಸಲ್ಲಿ ಮ್ಯಾನೇಜ್ ಬ್ಯಾಕಪ್ ನೋಡಿ, ಬೇಡ ಅಂದ್ರೆ ಆಫ್ ಮಾಡಿ. ಆಗ ಡೆಸ್ಕ್‌ಟಾಪ್ ಖಾಲಿ ಕಂಡ್ರೆ ಗಾಬರಿ ಬೇಡ, ಫೈಲು ಒನ್‌ಡ್ರೈವ್ ಫೋಲ್ಡರಲ್ಲೇ ಇರುತ್ತೆ, ಎತ್ತಿ ಈಚೆ ಹಾಕ್ಕೊಳ್ಳಿ.

ಇಬ್ರಿಗೂ ಬೇಕಾದ ಫೈಲು ಇದ್ರೆ? ಒಬ್ರ ಡ್ರೈವಲ್ಲಿ ಇಟ್ಟು ಶೇರ್ ಮಾಡಿ. ತೋಟದ ಲೆಕ್ಕ ಬರೆಯೋ ರೈಟರಿಗೆ ಚೆಕ್‌ರೋಲ್ ಬರೆಯೋಕೆ ಎಡಿಟರ್ (ತಿದ್ದೋ ಅನುಮತಿ) ಕೊಟ್ವಿ, ಅಕ್ಕನಿಗೆ ವ್ಯೂವರ್ (ಬರೀ ನೋಡೋ ಅನುಮತಿ) ಸಾಕಾಯ್ತು.

ಕೆಲಸ ಆದ್ಮೇಲೆ ವಿಂಡೋಸ್ ಕೀ ಜೊತೆ ಎಲ್ ಒತ್ತಿದ್ರೆ ಲಾಕ್ ಆಗುತ್ತೆ. ಸೈನ್ ಔಟ್ ಮಾಡೋದಾದ್ರೆ ಕೆಳಗಿನ ಡ್ರೈವ್ ಐಕಾನ್ ನೋಡಿ ಅಪ್‌ಲೋಡ್ ಮುಗಿದಿದೆಯಾ ಅಂತ ಖಾತ್ರಿ ಮಾಡ್ಕೊಳ್ಳಿ, ಸೈನ್ ಔಟ್ ಆದ್ರೆ ಸಿಂಕ್ (ಫೈಲು ಡ್ರೈವಿಗೆ ಹೋಗಿ ಬರೋದು) ಅಲ್ಲೇ ನಿಲ್ಲುತ್ತೆ. ಪೇಟೆ ಜೆರಾಕ್ಸ್ ಅಂಗಡೀಲಿ ಮೇಲ್ ತೆಗೆದು ಲಾಗೌಟ್ ಮರೆತ್ರೆ ಫೋನಲ್ಲಿ ಗೂಗಲ್ ಅಕೌಂಟಿನ ಸೆಕ್ಯುರಿಟಿ, ಯುವರ್ ಡಿವೈಸಸ್‌ಗೆ ಹೋಗಿ ಅಲ್ಲಿಂದ್ಲೇ ಸೈನ್ ಔಟ್ ಮಾಡ್ಬಹುದು.

ಹಳೇ ಜಂಟಿ ಅಕೌಂಟನ್ನ ತಕ್ಷಣ ಅಳಿಸ್ಬೇಡಿ. ಅವರವರ ಫೈಲು ಇಳಿಸ್ಕೊಂಡು ಹೊಸದಕ್ಕೆ ಹಾಕ್ಕೊಳ್ಳಿ, ಪಾಸ್‌ವರ್ಡ್ ಬದಲಾಯಿಸಿ, ಬ್ಯಾಂಕು ಗ್ಯಾಸು ಯಾವುದಕ್ಕೆಲ್ಲ ಆ ಮೇಲ್ ಕೊಟ್ಟಿದೀರಾ ಒಂದೊಂದೇ ಬದಲಾಯಿಸ್ತಾ ಬನ್ನಿ. 2 ವರ್ಷ ಮುಟ್ಟದೇ ಬಿಟ್ರೆ ಗೂಗಲ್ಲೇ ಅಳಿಸಿಬಿಡಬಹುದು, ಅಷ್ಟರೊಳಗೆ ಮುಗಿಸ್ಕೊಳ್ಳಿ.