ಮಳೆಯ ಲೆಕ್ಕವನ್ನು ಮರಳಿ ಮನೆಗೆ ತಂದ ಬಗೆ

ಈ ವರ್ಷ ಮಾರ್ಚ್‌ನಲ್ಲಿ ಕಾಫಿಯನ್ನು ಅರಳಿಸುವ ಹೂ ಮಳೆ ಬಿದ್ದ ರಾತ್ರಿ, ಒಂಬತ್ತು ಗಂಟೆಯ ಹೊತ್ತಿಗೆ, ನಮ್ಮ ತೋಟದ ಯಾವ ಬ್ಲಾಕಿನಲ್ಲಿ ಎಷ್ಟು ಸೆಂಟು (ಇಂಚಿನ ನೂರನೆಯ ಒಂದು ಭಾಗ) ಮಳೆಯಾಗಿದೆ ಎಂಬುದು ಜಗಲಿಯಲ್ಲಿ ಕುಳಿತಿದ್ದ ನನಗೆ ತಿಳಿದಿತ್ತು. ಮನೆಯ ಬಳಿ 80 ಸೆಂಟು, ಮೇಲಿನ ಅರೇಬಿಕಾ ಬ್ಲಾಕಿನಲ್ಲಿ ಒಂದು ಇಂಚು ಐದು ಸೆಂಟು, ಹಳ್ಳದ ಕಡೆಯ ಎರಡು ರೋಬಸ್ಟಾ ಬ್ಲಾಕುಗಳಲ್ಲಿ ಮಾತ್ರ 35ರ ಆಸುಪಾಸು. ಬೆಳಗಾಗುತ್ತಲೇ ಆ ಎರಡು ಬ್ಲಾಕುಗಳಿಗಷ್ಟೇ ಸ್ಪ್ರಿಂಕ್ಲರ್ ಹಾಕಿಸಿ ಕೊರತೆಯನ್ನು ತುಂಬಿಸಿದೆ. ಹಿಂದಿನಂತೆ ಮನೆಯ ಮಾಪಕವೊಂದನ್ನೇ ನಂಬಿದ್ದರೆ ಒಂದೋ ರೋಬಸ್ಟಾಕ್ಕೆಲ್ಲ ನೀರು ಬಿಟ್ಟು ಡೀಸೆಲ್ ಸುಡುತ್ತಿದ್ದೆ, ಇಲ್ಲವೇ ಮಳೆ ಸಾಕಾಯಿತೆಂದು ಕೈಕಟ್ಟಿ ಕುಳಿತು ಹಳ್ಳದ ಕಡೆಯ ಹೂವನ್ನು ಕಳೆದುಕೊಳ್ಳುತ್ತಿದ್ದೆ. ಎಂಟು ಒಂಬತ್ತು ದಿನಗಳ ನಂತರ ಆ ಎರಡು ಬ್ಲಾಕುಗಳಲ್ಲೂ ಹೂ ಒಂದೇ ಸಮನಾಗಿ ಅರಳಿದ್ದನ್ನು ನೋಡಲು, ಎರಡು ವರ್ಷಗಳಿಂದ ನಾನೇ ಕಟ್ಟಿದ ಮಳೆ ಮಾಪಕದ ಪೆಟ್ಟಿಗೆಗಳನ್ನು ಕಂಡು ತಲೆಯಾಡಿಸುತ್ತಿದ್ದ ಬಣಕಲ್ ಕಡೆಯ ನಮ್ಮ ಭಾವನೂ ಬಂದಿದ್ದರು. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೂಡಿಗೆರೆ ತಾಲ್ಲೂಕಿನಲ್ಲಿ ಮಳೆಯ ಲೆಕ್ಕ ಇಡದ ತೋಟದ ಮನೆ ಅಪರೂಪ. ನಮ್ಮ ಅಪ್ಪ 1978ರಿಂದ ಪ್ರತಿದಿನ ಬೆಳಗ್ಗೆ ಗಾಜಿನ ಅಳತೆಯಲ್ಲಿ ನೀರು ಸುರಿದು ನೋಡಿ, ಇಂಚು ಸೆಂಟುಗಳಲ್ಲಿ ಪುಸ್ತಕಕ್ಕೆ ಬರೆದವರು. ಐದಾರು ವರ್ಷಗಳ ಹಿಂದೆ ನಾನು ಆ ಕೆಲಸವನ್ನು ಒಂದು ಕಂಪನಿಗೆ ಒಪ್ಪಿಸಿದೆ. ಮೂರು ಸ್ವಯಂಚಾಲಿತ ಮಾಪಕಗಳಿಗೆ ಸುಮಾರು 38 ಸಾವಿರ ರೂಪಾಯಿ, ಅದರ ಮೇಲೆ ವರ್ಷಕ್ಕೆ ಆರು ಸಾವಿರದಷ್ಟು ಚಂದಾ. ಪ್ರತಿ ಮಾಪಕದೊಳಗೆ ಸಿಮ್ ಇತ್ತು. ಅಳತೆ ನೇರವಾಗಿ ಕಂಪನಿಯ ಸರ್ವರ್‌ಗೆ ಹೋಗಿ, ಅಲ್ಲಿಂದ ನನ್ನ ಫೋನಿನ ಆ್ಯಪ್‌ಗೆ ಬರುತ್ತಿತ್ತು. ಮನೆಯಿಂದ ಇನ್ನೂರು ಗಜ ದೂರದಲ್ಲಿರುವ ಮಾಪಕದ ಲೆಕ್ಕ ನನಗೆ ಸಿಗಬೇಕಾದರೆ ಅದು ಬೆಂಗಳೂರನ್ನು ಸುತ್ತಿಕೊಂಡು ಬರಬೇಕಾಗಿತ್ತು; ಆಗ ನನಗೆ ಅದು ವಿಚಿತ್ರವೆಂದು ತೋರಲಿಲ್ಲ. ಎರಡು ವರ್ಷ ಕಳೆದ ಮೇಲೆ ಕಂಪನಿ ಆ ಸೇವೆಯನ್ನು ನಿಲ್ಲಿಸಿತು. ಮೂವತ್ತು ದಿನಗಳೊಳಗೆ ನಿಮ್ಮ ಮಾಹಿತಿಯನ್ನು ಇಳಿಸಿಕೊಳ್ಳಿ ಎಂಬ ಮೇಲ್ ಬಂದದ್ದು ಜುಲೈನಲ್ಲಿ. ಜುಲೈನಲ್ಲಿ ನಮ್ಮ ಕಡೆ ಕರೆಂಟು, ಫೈಬರ್ ಎರಡೂ ವಾರಗಟ್ಟಲೆ ಇರುವುದಿಲ್ಲವೆಂಬುದು ನಿಮಗೂ ಗೊತ್ತು. ನಾನು ಆ ಮೇಲ್ ನೋಡುವಷ್ಟರಲ್ಲಿ ಗಡುವು ಮುಗಿದಿತ್ತು. ಮೊದಲೊಮ್ಮೆ ಇಳಿಸಿಟ್ಟುಕೊಂಡಿದ್ದ ಐದು ತಿಂಗಳ ಲೆಕ್ಕ ಬಿಟ್ಟರೆ ಎರಡು ವರ್ಷಗಳ ಮಳೆ ಹೋಯಿತು. ಅಪ್ಪನ ಪುಸ್ತಕದಲ್ಲಿ ಆ ಎರಡು ವರ್ಷಗಳು ಈಗಲೂ ಖಾಲಿ. ಯಂತ್ರವಿದೆಯಲ್ಲ ಎಂದು ಬರೆಯುವುದನ್ನು ನಾನೇ ನಿಲ್ಲಿಸಿದ್ದೆ, ಆ ನೋವು ನನಗೆ ಇನ್ನೂ ಇದೆ.

ಇದು ಸಣ್ಣ ಕಂಪನಿಗಳ ಪಾಡು ಮಾತ್ರ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಗೂಗಲ್ ಬಳಗದ ನೆಸ್ಟ್ ತಾನು ಕೊಂಡ ರಿವಾಲ್ವ್ ಎಂಬ ಮನೆ ಸಾಧನದ ಸೇವೆಯನ್ನು 2016ರ ಮೇ ತಿಂಗಳಲ್ಲಿ ಮುಚ್ಚಿದಾಗ, ಹಣ ಕೊಟ್ಟು ತಂದ ಪೆಟ್ಟಿಗೆಗಳು ಒಂದೇ ದಿನದಲ್ಲಿ ನಿರುಪಯೋಗಿಯಾದವು. ಅಮೆರಿಕದ ಇನ್‌ಸ್ಟಿಯಾನ್‌ನ ಸರ್ವರ್‌ಗಳು 2022ರ ಏಪ್ರಿಲ್‌ನಲ್ಲಿ ಮುನ್ಸೂಚನೆಯೇ ಇಲ್ಲದೆ ನಿಂತವು. ಇಂಥ ಸಾಧನಗಳನ್ನು ತಯಾರಿಸುವವರಿಗೆಂದೇ ಇದ್ದ ಗೂಗಲ್‌ನ ಐಒಟಿ ಕೋರ್ ಸೇವೆ 2023ರ ಆಗಸ್ಟ್ 16ರಂದು ಕೊನೆಗೊಂಡಿತು. ಕಂಪನಿ ದೊಡ್ಡದೋ ಚಿಕ್ಕದೋ, ಒಳ್ಳೆಯದೋ ಕೆಟ್ಟದೋ ಎಂಬುದಕ್ಕಿಂತ ಅಳತೆ ಮೊದಲು ಯಾರ ಮನೆ ಸೇರುತ್ತದೆ ಎಂಬುದೇ ಮುಖ್ಯವೆಂದು ನಾನು ಆ ಜುಲೈನಲ್ಲಿ ತೀರ್ಮಾನಿಸಿದೆ. ಮೊದಲ ಪ್ರತಿ ನನ್ನ ಮನೆಯಲ್ಲಿ ಉಳಿಯಬೇಕು, ಹೊರಗೆ ಹೋಗುವುದೇನಿದ್ದರೂ ಅದರ ನಕಲು ಮಾತ್ರ.

ಹಳೆಯ ಮಾಪಕಗಳ ಬಕೆಟ್ ಭಾಗ, ಎಂದರೆ ನೀರು ತುಂಬಿದಾಗಲೆಲ್ಲ ಮಗುಚಿ ಎಣಿಕೆ ಕೊಡುವ ಪುಟ್ಟ ತೊಟ್ಟಿ, ಚೆನ್ನಾಗಿತ್ತು. ಅವುಗಳೊಳಗಿನ ಬೋರ್ಡಿಗೆ ನನ್ನ ಪ್ರೋಗ್ರಾಂ ಹಾಕಲು ಎರಡು ವಾರ ಹೆಣಗಿದೆ. ಅದು ಬೀಗ ಹಾಕಿದ ಬೋರ್ಡು, ಕೈಬಿಟ್ಟೆ. ನಂತರ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡುಗಳನ್ನೂ, ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ರೇಡಿಯೋ ಸಂದೇಶ ಕಳಿಸುವ ಲೋರಾ ಮಾಡ್ಯೂಲ್‌ಗಳನ್ನೂ ತಂದೆ. ಮೊದಲ ನಷ್ಟ ಅಲ್ಲೇ ಆಯಿತು. ಅಗ್ಗಕ್ಕೆ ಸಿಕ್ಕವೆಂದು ತಂದ ನಾಲ್ಕೂ ಮಾಡ್ಯೂಲ್‌ಗಳು 433 ಮೆಗಾಹರ್ಟ್ಸ್‌ನವು. ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಪರವಾನಗಿಯಿಲ್ಲದೆ ಬಳಸಬಹುದಾದ್ದು 865ರಿಂದ 868ರ ಪಟ್ಟಿ. ಅವನ್ನು ಬದಿಗಿಟ್ಟು ಹೊಸದಾಗಿ ಕೊಂಡೆ, ಸುಮಾರು ಎರಡು ಸಾವಿರ ರೂಪಾಯಿ ಹೋಯಿತು.

ಎರಡನೆಯ ಪಾಠ ಬ್ಯಾಟರಿಯದು. ನಿದ್ರಾಸ್ಥಿತಿಯಲ್ಲಿ ಇಎಸ್‌ಪಿ32 ಚಿಪ್ ತಾನು ಬಹಳ ಕಡಿಮೆ ಕರೆಂಟು ಎಳೆಯುತ್ತದೆ ನಿಜ, ಆದರೆ ಅಂಗಡಿಯ ಬೋರ್ಡಿನ ಮೇಲಿರುವ ರೆಗ್ಯುಲೇಟರ್, ಯುಎಸ್‌ಬಿ ಚಿಪ್ ಮತ್ತು ಸದಾ ಉರಿಯುವ ಪುಟ್ಟ ದೀಪ ನಿದ್ರಿಸುವುದಿಲ್ಲ. ನನ್ನ ಮೀಟರ್‌ನಲ್ಲಿ ಹತ್ತು ಮಿಲಿಆಂಪಿಯರ್‌ನಷ್ಟು ತೋರಿಸಿತು. 18650 ಎಂಬ ರೀಚಾರ್ಜ್ ಸೆಲ್ ಹತ್ತು ಹನ್ನೊಂದು ದಿನಕ್ಕೆ ಖಾಲಿಯಾಯಿತು. ಸೌರಫಲಕ ಜೋಡಿಸಿ ನೋಡಿದೆ. ಸಿಲ್ವರ್ ಓಕ್ ನೆರಳಿನಲ್ಲಿ, ಅದೂ ಜೂನ್‌ನಿಂದ ಆಗಸ್ಟ್‌ವರೆಗೆ, ಸೌರಫಲಕವೆಂದರೆ ಕಂಬದ ಮೇಲಿನ ಭಾರವಷ್ಟೇ. ಅವನ್ನು ಕಿತ್ತುಹಾಕಿ, ಬೋರ್ಡನ್ನೇ ಬದಲಿಸಿ, 3.3 ವೋಲ್ಟ್‌ನ ಸಣ್ಣ ಆರ್ಡುಯಿನೋದಿಂದ ರೆಗ್ಯುಲೇಟರ್ ಮತ್ತು ದೀಪ ಎರಡನ್ನೂ ಕೆರೆದು ತೆಗೆದೆ. ಈಗ ಎರಡು ಸೆಲ್‌ಗಳು ಇಡೀ ಮಳೆಗಾಲ ಕಳೆಯುತ್ತವೆ. ಮೇ ಕೊನೆಯಲ್ಲೊಮ್ಮೆ, ಕೊಯ್ಲು ಆರಂಭವಾಗುವ ಮುನ್ನ ಇನ್ನೊಮ್ಮೆ ಬದಲಿಸಿದರೆ ಸಾಕು.

ಸಂಕೇತ ತಲುಪಿಸುವುದು ಇನ್ನೂ ಕಷ್ಟವಾಯಿತು. ಮನೆಯಿಂದ ಮೇಲಿನ ಬ್ಲಾಕಿಗೆ ಗಾಳಿಯ ದಾರಿಯಲ್ಲಿ ಒಂದೂವರೆ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಬೇಸಿಗೆಯಲ್ಲಿ ಸ್ಪ್ರೆಡಿಂಗ್ ಫ್ಯಾಕ್ಟರ್ (ಲೋರಾದ ಈ ಅಂಕಿ ಏರಿದಷ್ಟೂ ಸಂದೇಶ ನಿಧಾನ, ಆದರೆ ಹೆಚ್ಚು ದೂರ ಮುಟ್ಟುತ್ತದೆ) 7ರಲ್ಲೇ ಬರುತ್ತಿದ್ದ ಸಂದೇಶಗಳು ಎಲೆ ಒದ್ದೆಯಾದೊಡನೆ ನಿಂತುಹೋದವು. ಮಳೆ ಅಳೆಯುವ ಯಂತ್ರ ಮಳೆ ಬಂದಾಗಲೇ ಮೂಕವಾಗುತ್ತದೆ ಎಂಬುದು ಭಾವನ ಮೊದಲ ಆಕ್ಷೇಪಣೆಯಾಗಿತ್ತು, ಆಗ ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮೆಣಸು ಕೊಯ್ಯಲು ಬರುವ ಏಣಿಯವರಿಂದ ದಿಣ್ಣೆಯ ಮೇಲಿನ ಸಿಲ್ವರ್ ಓಕ್‌ನಲ್ಲಿ ಸುಮಾರು ನಲವತ್ತು ಅಡಿ ಎತ್ತರಕ್ಕೆ ಒಂದು ಆಂಟೆನಾ ಕಟ್ಟಿಸಿ, ಅಲ್ಲೊಂದು ಮರುಪ್ರಸಾರದ ಪೆಟ್ಟಿಗೆ ಇಟ್ಟು, ಸ್ಪ್ರೆಡಿಂಗ್ ಫ್ಯಾಕ್ಟರನ್ನು 10ಕ್ಕೆ ಏರಿಸಿದ ಮೇಲೆ ಸಮಸ್ಯೆ ಬಗೆಹರಿಯಿತು. ಕಳೆದ ಜುಲೈನಲ್ಲಿ ನೂರಕ್ಕೆ ತೊಂಬತ್ತೇಳರಷ್ಟು ಸಂದೇಶಗಳು ಬಂದಿವೆ. ಪ್ರತಿ ಸಂದೇಶದಲ್ಲೂ ಆವರೆಗಿನ ಒಟ್ಟು ಎಣಿಕೆಯನ್ನೇ ಕಳಿಸುವುದರಿಂದ ನಡುವೆ ಒಂದೆರಡು ತಪ್ಪಿದರೂ ಲೆಕ್ಕ ತಪ್ಪುವುದಿಲ್ಲ. ಮಂಗಗಳು ಎರಡು ಆಂಟೆನಾಗಳನ್ನು ಮುರಿದುಹಾಕಿದವು. ಈಗ ಅವನ್ನು ಬೂದು ಬಣ್ಣದ ಪಿವಿಸಿ ಪೈಪಿನೊಳಗೆ ಇಟ್ಟಿದ್ದೇನೆ.

ಇನ್ನು ಅಳತೆಯ ಮಾತು. ಒಂದು ಸೆಂಟಿಗಿಂತಲೂ ಸೂಕ್ಷ್ಮವಾಗಿ ಅಳೆಯಬೇಕೆಂಬ ಆಸೆಯಿಂದ, ಅಂಗೈಯಗಲದ ಬಾಯಿಯಿದ್ದ ಬಕೆಟ್‌ಗೆ 20 ಸೆಂ.ಮೀ. ವ್ಯಾಸದ ಸ್ಟೀಲ್ ಆಲಿಕೆಯನ್ನು ಮಾಡಿಸಿದೆ. ತುಂತುರು ಮಳೆಯಲ್ಲಿ ಅದ್ಭುತವಾಗಿ ಕೆಲಸ ಮಾಡಿತು. ಆರಿದ್ರಾ ಮಳೆ ಹಿಡಿದಾಗ ಬಕೆಟ್ ಮಗುಚಿ ಮರಳುವಷ್ಟರಲ್ಲಿ ನೀರು ಹಾಗೆಯೇ ಹರಿದುಹೋಗಿ, ಗಾಜಿನ ಅಳತೆಯಲ್ಲಿ ನಾಲ್ಕು ಇಂಚಿದ್ದ ದಿನ ನನ್ನ ಯಂತ್ರ ಮೂರೂ ಚಿಲ್ಲರೆ ತೋರಿಸಿತು. ಆಲಿಕೆಯನ್ನು 12 ಸೆಂ.ಮೀ.ಗೆ ಇಳಿಸಿದೆ. ಆ ಬಾಯಿಗೆ ಒಂದು ಇಂಚು ಮಳೆಯೆಂದರೆ ಸುಮಾರು 290 ಮಿಲಿಲೀಟರ್ ನೀರು. ನನ್ನ ಬಕೆಟ್ 185ರಿಂದ 190 ಬಾರಿ ಮಗುಚಬೇಕು. ಇದನ್ನು ಪರೀಕ್ಷಿಸಲು ಆಸ್ಪತ್ರೆಯ ಡ್ರಿಪ್ ಸೆಟ್ಟಿಗಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ಅಳೆದ ನೀರನ್ನು ಬಾಟಲಿಗೆ ತುಂಬಿ, ಒಮ್ಮೆ ನಿಧಾನವಾಗಿ, ಒಮ್ಮೆ ವೇಗವಾಗಿ ಬಿಟ್ಟು, ಎರಡೂ ಎಣಿಕೆಗಳನ್ನು ಬರೆದುಕೊಳ್ಳುತ್ತೇನೆ. ಬಿರುಮಳೆಯಲ್ಲಿ ಉಳಿಯುವ ಕೊರತೆಯನ್ನು ಸರಿದೂಗಿಸಲು ಆ ಎರಡು ಎಣಿಕೆಗಳಿಂದ ನಾನು ಕಟ್ಟಿಕೊಂಡಿರುವ ಸೂತ್ರವನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಎರಡು ಮಳೆಗಾಲ ಗಾಜಿನ ಅಳತೆಯೊಂದಿಗೆ ಹೋಲಿಸಿ ಪಡೆದದ್ದು ಅದು. ಇರುವೆಗಳು ಪೆಟ್ಟಿಗೆಯೊಳಗೆ ಗೂಡು ಕಟ್ಟದಂತೆ ಕಂಬಕ್ಕೆ ಹಚ್ಚುವ ಲೇಪವನ್ನೂ ನನ್ನಲ್ಲೇ ಇಟ್ಟುಕೊಂಡಿದ್ದೇನೆ. ಗ್ರೀಸ್ ಸಾಲದು ಎಂಬುದಷ್ಟನ್ನು ಹೇಳಬಲ್ಲೆ.

ಒಂದು ಸಂಜೆ ಹನಿ ಮಳೆಯಿಲ್ಲದೆ ಬರಿಯ ಗುಡುಗು ಸಿಡಿಲಿಗೆ ಹಳ್ಳದ ಪೆಟ್ಟಿಗೆ 14 ಸೆಂಟು ಬರೆದುಕೊಂಡಿತ್ತು. ಬಕೆಟ್ ಮಗುಚಿದ್ದನ್ನು ಗುರುತಿಸುವ ರೀಡ್ ಸ್ವಿಚ್‌ನಿಂದ ಬೋರ್ಡಿಗೆ ಹಾಕಿದ್ದ ಆರು ಅಡಿಯ ತಂತಿಯೇ ಆಂಟೆನಾದಂತೆ ವರ್ತಿಸಿತ್ತು. ತಂತಿಯನ್ನು ಗೇಣುದ್ದಕ್ಕೆ ಇಳಿಸಿ ಕೆಪಾಸಿಟರ್ ಹಾಕಿದ ಮೇಲೆ ಅದು ಮರುಕಳಿಸಿಲ್ಲ.

ಮನೆಯಲ್ಲಿ ಲೆಕ್ಕ ಸೇರುವ ಯಂತ್ರವಾಗಿ ಮೊದಲು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇಟ್ಟಿದ್ದೆ. ಕರೆಂಟು ಹೋಗಿ ಬಂದು ಮಾಡುವ ನಮ್ಮೂರಿನಲ್ಲಿ ಅದರ ಮೆಮೊರಿ ಕಾರ್ಡ್ ಎರಡು ಬಾರಿ ಕೆಟ್ಟಿತು, ಎರಡನೆಯ ಬಾರಿ ಹನ್ನೊಂದು ದಿನಗಳ ಲೆಕ್ಕವನ್ನು ತೆಗೆದುಕೊಂಡು ಹೋಯಿತು. ಈಗ ಒಂಬತ್ತು ಸಾವಿರಕ್ಕೆ ಕೊಂಡ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಡೆಬಿಯನ್ ಎಂಬ ಉಚಿತ ಲಿನಕ್ಸ್ ಹಾಕಿದ್ದೇನೆ. ಅದರ ಬ್ಯಾಟರಿಯೇ ಎರಡು ಗಂಟೆಯ ಯುಪಿಎಸ್. ಸಂದೇಶ ಪಡೆಯಲು ಮಸ್ಕಿಟೋ, ಲೆಕ್ಕ ಉಳಿಸಲು ಎಸ್‌ಕ್ಯೂಲೈಟ್, ಗ್ರಾಫ್ ತೋರಿಸಲು ಗ್ರಫಾನಾ, ಇಷ್ಟೇ ತಂತ್ರಾಂಶ. ಒಂದಕ್ಕೂ ಚಂದಾ ಇಲ್ಲ. ಬಹಳಷ್ಟು ಲೋರಾ ಸಾಧನಗಳ ಸಂದೇಶಗಳನ್ನು ಒಟ್ಟಿಗೆ ಪಡೆಯುವ ಲೋರಾವಾನ್ ಗೇಟ್‌ವೇ ಕೊಳ್ಳಿ ಎಂದು ಕೆಲವರು ಹೇಳಿದರು. ಐದಾರು ಪೆಟ್ಟಿಗೆಗಳಿಗೆ ಅದು ಅನಗತ್ಯ ಖರ್ಚೆಂಬುದು ನನ್ನ ಅಭಿಪ್ರಾಯ. ನೂರು ಎಕರೆಗಿಂತ ದೊಡ್ಡ ತೋಟದವರು ಅಂಥ ಜಾಲವನ್ನು ನಿಭಾಯಿಸುವ ಚರ್ಪ್‌ಸ್ಟ್ಯಾಕ್ ತಂತ್ರಾಂಶವನ್ನು ಮನೆಯಲ್ಲೇ ನಡೆಸಿ ನೋಡಬಹುದು.

ಇಲ್ಲಿ ಒಂದು ಸೂಕ್ಷ್ಮವನ್ನು ಹೇಳಲೇಬೇಕು. ಕಂಪನಿಯಿಂದ ಉಳಿದ ಐದು ತಿಂಗಳ ಲೆಕ್ಕವನ್ನು ಮನೆಯ ಹತ್ತಿರದ ತೋಟದ ಪುಸ್ತಕದೊಂದಿಗೆ ಹೋಲಿಸಿದಾಗ ದಿನದ ಮೊತ್ತಗಳು ಹೊಂದಲಿಲ್ಲ, ತಿಂಗಳ ಮೊತ್ತ ಮಾತ್ರ ಹೊಂದಿತು. ಬಹಳ ದಿನ ತಲೆಕೆಡಿಸಿಕೊಂಡ ಮೇಲೆ ಕಾರಣ ತಿಳಿಯಿತು. ಅವರ ಸರ್ವರ್ ಅಂತರರಾಷ್ಟ್ರೀಯ ಕಾಲಮಾನದ ನಡುರಾತ್ರಿಗೆ, ಎಂದರೆ ನಮ್ಮ ಬೆಳಗಿನ 5.30ಕ್ಕೆ, ದಿನವನ್ನು ಮುಗಿಸುತ್ತಿತ್ತು. ಹವಾಮಾನ ಇಲಾಖೆಯ ಮಳೆದಿನ ಬೆಳಗ್ಗೆ 8.30ರಿಂದ ಮರುದಿನ 8.30ರವರೆಗೆ. ನಮ್ಮ ಮನೆಯ ಪುಸ್ತಕದ್ದು ಏಳು ಗಂಟೆ. ನಾನು ಎಲ್ಲವನ್ನೂ ಹತ್ತು ನಿಮಿಷದ ತುಣುಕುಗಳಾಗಿ ಉಳಿಸಿ, ಅಪ್ಪನ ಏಳು ಗಂಟೆಗೂ ಇಲಾಖೆಯ ಎಂಟೂವರೆಗೂ ಬೇರೆಬೇರೆ ಮೊತ್ತ ಹಾಕಿಕೊಳ್ಳುತ್ತೇನೆ. ಸಿದ್ಧ ಆ್ಯಪ್‌ನಲ್ಲಿ ಈ ಸ್ವಾತಂತ್ರ್ಯ ನನಗೆ ಇರಲಿಲ್ಲ.

ಸಂದೇಶ ಕಳಿಸುವುದಕ್ಕೂ ಒಮ್ಮೆ ಪೆಟ್ಟು ತಿಂದೆ. ಎಲ್ಲರ ಫೋನಿನಲ್ಲೂ ಇರುವ ಒಂದು ಆ್ಯಪ್‌ನ ಮೂಲಕ, ಅಧಿಕೃತವಲ್ಲದ ತಂತ್ರಾಂಶ ಬಳಸಿ ದಿನದ ಲೆಕ್ಕ ಕಳಿಸುತ್ತಿದ್ದೆ, ನಾಲ್ಕನೆಯ ವಾರ ನನ್ನ ನಂಬರ್ ಸ್ಥಗಿತವಾಯಿತು. ಟೆಲಿಗ್ರಾಂನ ಬಾಟ್ ವ್ಯವಸ್ಥೆ ಮುಕ್ತವಾಗಿದೆ, ದಾಖಲೆಗಳೂ ಸ್ಪಷ್ಟವಾಗಿವೆ. ಈಗ ಬೆಳಗ್ಗೆ 7.05ಕ್ಕೆ ನನಗೂ ತೋಟದ ಲೆಕ್ಕ ನೋಡುವ ರೈಟರ್‌ಗೂ ಅದರಲ್ಲೇ ಬರುತ್ತದೆ. ಇಂಟರ್‌ನೆಟ್ ಇಲ್ಲದ ದಿನ ಜಗಲಿಯ ಪುಟ್ಟ ಪರದೆ ನೋಡಿದರಾಯಿತು, ಲೆಕ್ಕವಂತೂ ನಿಲ್ಲುವುದಿಲ್ಲ.

ಇದರ ನಡುವೆ ಮಾಡಿದ ಎರಡು ಪ್ರಯೋಗಗಳಲ್ಲಿ ಒಂದು ಸೋತಿತು. ನೂರಿಪ್ಪತ್ತು ರೂಪಾಯಿಯ ಮಣ್ಣಿನ ತೇವಾಂಶದ ಸೆನ್ಸರ್‌ಗಳನ್ನು ರೋಬಸ್ಟಾ ಬುಡದಲ್ಲಿ ನೆಟ್ಟಿದ್ದೆ. ಅವುಗಳ ಅಂಚಿನಿಂದ ನೀರು ಒಳಸೇರಿ, ಒಂದೇ ಮಳೆಗಾಲದಲ್ಲಿ ಆರರಲ್ಲಿ ಐದು ಕೆಟ್ಟವು. ಉಗುರು ಬಣ್ಣ ಹಚ್ಚಿದವು ಎರಡು ತಿಂಗಳು ಹೆಚ್ಚು ಬಾಳಿದವು. ಎರಡನೆಯದು ಕಣದ ಎಚ್ಚರಿಕೆ ಗಂಟೆ. ಡಿಸೆಂಬರ್ ಜನವರಿಯಲ್ಲಿ ಅಕಾಲದ ಮಳೆ ಬಂದು ಒಣಗಲು ಹರಡಿದ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜ) ಒದ್ದೆಯಾದರೆ ಆಗುವ ನಷ್ಟ ನಿಮಗೆ ತಿಳಿದದ್ದೇ. ಮೇಲಿನ ಬ್ಲಾಕಿನ ಬಕೆಟ್ ಮೊದಲ ಬಾರಿ ಮಗುಚಿದ ಕೂಡಲೇ ಕಣದ ಬಳಿ ಗಂಟೆ ಹೊಡೆಯುವಂತೆ ಮಾಡಿದೆ. ಮಳೆ ಸಾಮಾನ್ಯವಾಗಿ ಆ ಕಡೆಯಿಂದಲೇ ಇಳಿಯುವುದರಿಂದ ಟಾರ್ಪಾಲ್ ಎಳೆಯಲು ಆರೇಳು ನಿಮಿಷ ಸಿಗುತ್ತದೆ. ಕಳೆದ ಕೊಯ್ಲಿನಲ್ಲಿ ಎರಡು ಬಾರಿ ಅದು ನಮ್ಮನ್ನು ಉಳಿಸಿತು. ಮೇಸ್ತ್ರಿ ಹೇಳಿದ್ದು ಒಂದೇ ಮಾತು: "ಅಯ್ಯಾ, ಮಿಕ್ಕಿದ್ದೆಲ್ಲ ಏನಾದ್ರೂ ಮಾಡ್ಕಳಿ, ಈ ಗಂಟೆ ಮಾತ್ರ ತೆಗೀಬೇಡಿ."

ಹಣದ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಕಲಿಯುವಾಗ ಹಾಳಾದದ್ದು ಇಪ್ಪತ್ತೆರಡು ಸಾವಿರದಷ್ಟು. ಈಗಿನ ಒಂದು ಪೆಟ್ಟಿಗೆಗೆ, ಕಂಬ ಸೇರಿ, ಮೂರು ಸಾವಿರದ ಇನ್ನೂರರ ಆಸುಪಾಸು. ಈ ಮಾರ್ಚ್‌ನಲ್ಲಿ ಡೀಸೆಲ್ ಮತ್ತು ಆಳಿನಲ್ಲಿ ಉಳಿದದ್ದು ಇಪ್ಪತ್ತೈದು ಸಾವಿರಕ್ಕೆ ಕಡಿಮೆಯಿಲ್ಲ. ಹೂ ಅರಳಿದ ಮೇಲೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆಯ ಹೊತ್ತಿಗೂ ಇದೇ ಲೆಕ್ಕದಿಂದ ಒಂದು ಸುತ್ತು ನೀರು ತಪ್ಪಿಸಿದೆ. ವಿದ್ಯೆ ಕಲಿತ ಎಂಜಿನಿಯರುಗಳು ಇದಕ್ಕಿಂತ ಅಂದವಾಗಿ ಕಟ್ಟಬಹುದು, ಆದರೆ ಚಾರ್ಮಾಡಿಯ ಮಗ್ಗುಲಿನ ಮಳೆಯಲ್ಲಿ ಎರಡು ಜುಲೈ ಕಳೆದ ಪೆಟ್ಟಿಗೆಗಳು ನನ್ನವು.

ಭಾವ ಈಗ ತಮ್ಮ ತೋಟಕ್ಕೂ ನಾಲ್ಕು ಕಟ್ಟಿಕೊಡು ಎಂದಿದ್ದಾರೆ. ಅವರ ಲೆಕ್ಕವೂ ನನ್ನ ಲ್ಯಾಪ್‌ಟಾಪ್‌ಗೇ ಬರಲಿ, ಇನ್ನೊಂದಕ್ಕೆ ಖರ್ಚು ಯಾಕೆ ಎಂದು ಕೇಳಿದರು. ನಾನು ಒಪ್ಪಲಿಲ್ಲ. ನಾಳೆ ನಾನು ಬೇಸತ್ತು ಕೈಬಿಟ್ಟರೆ ಅವರ ಮಳೆಯೂ ನನ್ನೊಂದಿಗೆ ಹೋಗುತ್ತದೆ. ಅವರಿಗಾಗಿ ಏಳೂವರೆ ಸಾವಿರಕ್ಕೆ ಇನ್ನೊಂದು ಹಳೆಯ ಲ್ಯಾಪ್‌ಟಾಪ್ ನೋಡಿಟ್ಟಿದ್ದೇನೆ. ಆಂಟೆನಾ ಕಟ್ಟಲು ಏಣಿಯವರು ಮುಂದಿನ ಭಾನುವಾರ ಬರುವುದಾಗಿ ಹೇಳಿದ್ದಾರೆ.