ಅಮ್ಮ ವಾಲಂಟಿಯರ್ ಆಗುವ ಮುನ್ನ: ಅಮೆರಿಕದ 40 ಕ್ರೆಡಿಟ್‌ಗಳ ಲೆಕ್ಕ

ಮಗನೋ ಮಗಳೋ ಸ್ಪಾನ್ಸರ್ ಮಾಡಿ ಗ್ರೀನ್ ಕಾರ್ಡ್ ಮೇಲೆ ಕರೆಸಿಕೊಂಡ ತಾಯಂದಿರಿಗೆ ಮೊದಮೊದಲು ಮೊಮ್ಮಕ್ಕಳೇ ಸಾಕಷ್ಟು ಕೆಲಸ. ಅವು ಸ್ಕೂಲಿಗೆ ಹೋಗತೊಡಗಿದ ಮೇಲೆ ಮನೆಯಲ್ಲಿ ವಾಲಂಟಿಯರ್ ಮಾತು ಶುರುವಾಗುತ್ತದೆ. ಫುಡ್ ಬ್ಯಾಂಕ್, ಲೈಬ್ರರಿ, ದೇವಸ್ಥಾನದ ಅಡುಗೆಮನೆ ಇವೆಲ್ಲ ನಿಮಗೆ ಗೊತ್ತಿರುವುದೇ. ಆದರೆ ಆದಾಯ ಕಡಿಮೆ ಇರುವ ಹಿರಿಯರಿಗೆಂದೇ ಕೇಂದ್ರ ಸರ್ಕಾರದ ಹಣದಲ್ಲಿ ನಡೆಯುವ ಒಂದು ವ್ಯವಸ್ಥೆ ಇದೆ. ಅದರ ಹೆಸರು ಅಮೆರಿಕಾರ್ಪ್ಸ್ ಸೀನಿಯರ್ಸ್. ನಮ್ಮವರಲ್ಲಿ ಇದರ ಬಗ್ಗೆ ಕೇಳಿದವರು ಕಡಿಮೆ, ಕೇಳಿದವರಲ್ಲೂ ಅನೇಕರು, ಈ ಸೇವೆಯಿಂದ ಸರ್ಕಾರಿ ಪಿಂಚಣಿಗೂ ಆರೋಗ್ಯ ವಿಮೆಗೂ ಬೇಕಾದ ಕ್ರೆಡಿಟ್, ಅಂದರೆ ದುಡಿಮೆಯ ಅಂಕ, ಸೇರುತ್ತದೆ ಎಂಬ ದೊಡ್ಡ ತಪ್ಪು ತಿಳುವಳಿಕೆ ಇಟ್ಟುಕೊಂಡೇ ಸೇರುತ್ತಾರೆ.

ಮೊದಲು ವ್ಯವಸ್ಥೆಯ ಬಗ್ಗೆ. ಇದರಲ್ಲಿ ಫಾಸ್ಟರ್ ಗ್ರ್ಯಾಂಡ್‌ಪೇರೆಂಟ್ ಎಂಬ ಯೋಜನೆ 1965ರಿಂದ ಇದೆ. ಶಾಲೆ, ಶಿಶುವಿಹಾರಗಳಲ್ಲಿ ಹಿಂದುಳಿದ ಮಕ್ಕಳ ಪಕ್ಕದಲ್ಲಿ ಕೂತು ಓದಿಸುವುದು, ಲೆಕ್ಕ ಹೇಳಿಕೊಡುವುದು ಇದರ ಕೆಲಸ. ಸೀನಿಯರ್ ಕಂಪ್ಯಾನಿಯನ್ ಎಂಬ ಇನ್ನೊಂದರಲ್ಲಿ ಒಂಟಿಯಾಗಿರುವ, ಕೈಲಾಗದ ಹಿರಿಯರ ಮನೆಗೆ ಹೋಗಿ ಜೊತೆಗಿರುವುದು, ಸಾಮಾನು ತರುವುದು, ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು. ಎರಡಕ್ಕೂ 55 ತುಂಬಿರಬೇಕು. ವಾರಕ್ಕೆ 5ರಿಂದ 40 ಗಂಟೆ. ಆದಾಯ ಮಿತಿಯೊಳಗಿದ್ದರೆ ಗಂಟೆಗೆ 4 ಡಾಲರ್ ಸ್ಟೈಪೆಂಡ್, ಓಡಾಟದ ಖರ್ಚು, ಕೆಲಸದ ಹೊತ್ತಿನಲ್ಲಿ ಅಪಘಾತ ವಿಮೆ. ಮಿತಿ ಎಂದರೆ ಫೆಡರಲ್ ಬಡತನ ರೇಖೆಯ ಎರಡು ಪಟ್ಟು. 2025ರ ಲೆಕ್ಕದಲ್ಲಿ ಒಬ್ಬರಿಗೆ ವರ್ಷಕ್ಕೆ 31,300 ಡಾಲರ್, ಗಂಡ ಹೆಂಡತಿ ಇಬ್ಬರಿದ್ದರೆ 42,300 ಇತ್ತು. ಇಲ್ಲಿ ನೋಡುವುದು ಅರ್ಜಿ ಹಾಕಿದವರ ಮತ್ತು ಜೊತೆಗಿರುವ ಗಂಡನ ಆದಾಯ. "ನನ್ನ ಮಗನ ಸಂಬಳ ಜಾಸ್ತಿ, ನನಗೆಲ್ಲಿ ಕೊಡುತ್ತಾರೆ" ಎಂದು ಹಿಂಜರಿಯುವವರು ಇದನ್ನು ಗಮನಿಸಿ. ಮಗನ ಮನೆಯಲ್ಲಿ ಸಿಗುವ ಊಟ, ವಸತಿಯ ಬಗ್ಗೆ ಕೇಳಿದರೆ ಮಾತ್ರ ಇದ್ದದ್ದನ್ನು ಇದ್ದಂತೆ ಹೇಳಿ. ಆದಾಯ ಮಿತಿ ಮೀರಿದವರಿಗೆ ಆರ್‌ಎಸ್‌ವಿಪಿ ಎಂಬ ಮೂರನೆಯ ಯೋಜನೆ ಇದೆ. ಅದರಲ್ಲಿ ಸ್ಟೈಪೆಂಡ್ ಇಲ್ಲ, ಆದಾಯದ ಪ್ರಶ್ನೆಯೂ ಇಲ್ಲ.

ಇದರಿಂದ ಆಗುವ ಲಾಭ ಹಣಕ್ಕಿಂತ ದೊಡ್ಡದು ಎಂದು ನಾನು ನಂಬಿದ್ದೇನೆ, ಅದಕ್ಕೆ ಆಧಾರವೂ ಇದೆ. ಬಾಲ್ಟಿಮೋರ್‌ನ ಪ್ರಾಥಮಿಕ ಶಾಲೆಗಳಲ್ಲಿ ಎಕ್ಸ್‌ಪೀರಿಯೆನ್ಸ್ ಕೋರ್ ಎಂಬ ಕಾರ್ಯಕ್ರಮ ನಡೆಯಿತು. ಹಿರಿಯರು ವಾರಕ್ಕೆ 15 ಗಂಟೆ ಮಕ್ಕಳ ಜೊತೆ ಕೆಲಸ ಮಾಡಿದರು. ಹಾಗೆ ಶಾಲೆಗೆ ಹೋಗುತ್ತಿದ್ದ ಆಫ್ರಿಕನ್ ಅಮೆರಿಕನ್ ಹಿರಿಯ ಹೆಂಗಸರನ್ನು ಅದೇ ವಯಸ್ಸಿನ ಬೇರೆ ಹೆಂಗಸರ ಜೊತೆ ಹೋಲಿಸಿದ 2009ರ ಅಧ್ಯಯನವೊಂದರಲ್ಲಿ, ಶಾಲೆಗೆ ಹೋದವರ ದೈಹಿಕ ಚಟುವಟಿಕೆ ಹೆಚ್ಚಿತ್ತು, ಮೂರು ವರ್ಷದ ನಂತರವೂ ಇಳಿದಿರಲಿಲ್ಲ. ಅದೇ ವರ್ಷ ಬಂದ ಇನ್ನೊಂದು ಪುಟ್ಟ ಅಧ್ಯಯನದಲ್ಲಿ 17 ಹೆಂಗಸರಿದ್ದರು. ಓದು ಕಡಿಮೆ, ಆದಾಯವೂ ಕಡಿಮೆ. ಶಾಲೆಗೆ ಹೋದವರ ಮಿದುಳಿನ ಮುಂಭಾಗ, ಅಂದರೆ ಯೋಚಿಸಿ ನಿರ್ಧರಿಸುವ ಭಾಗ, ಹೆಚ್ಚು ಚುರುಕಾಗಿದ್ದು ಸ್ಕ್ಯಾನ್‌ನಲ್ಲಿ ಕಂಡಿತು. ಜಿಮ್‌ಗೆ ಹೋಗಿ ಎಂದರೆ ನಮ್ಮ ಅಮ್ಮಂದಿರು ಹೋಗುವುದಿಲ್ಲ. ಒಂದು ಮಗು ಕಾಯುತ್ತಿದೆ ಎಂದರೆ ಚಳಿಯಲ್ಲೂ ಕೋಟು ತೊಟ್ಟು ಹೊರಡುತ್ತಾರೆ. ಎರಡನೇ ಕ್ಲಾಸಿನ ಹುಡುಗನೊಬ್ಬ ಪುಸ್ತಕದ ಮೇಲೆ ಬೆರಳಿಟ್ಟು ಒಂದೊಂದೇ ಪದ ಓದುವಾಗ, ಇಂಗ್ಲಿಷ್ ಬರೋದಿಲ್ಲ ಎಂದು ಮನೆಯಲ್ಲಿ ಮಾತೇ ಆಡದ ಒಬ್ಬ ಅಮ್ಮ ಅವನ ಉಚ್ಚಾರ ತಿದ್ದುತ್ತಿದ್ದುದನ್ನು ನಾನು ನೋಡಿದ್ದೇನೆ.

ಈಗ ಆ ತಪ್ಪು ತಿಳುವಳಿಕೆಗೆ ಬರುತ್ತೇನೆ. ಇದಕ್ಕಾಗಿಯೇ ಇಷ್ಟು ಬರೆಯುತ್ತಿರುವುದು.

ಸ್ಟೈಪೆಂಡ್ ಸಂಬಳವಲ್ಲ. ಅದರಿಂದ ಸೋಶಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿ) ತೆರಿಗೆ ಮುರಿಯುವುದಿಲ್ಲ. ತೆರಿಗೆ ಮುರಿಯದಿದ್ದರೆ ಕ್ರೆಡಿಟ್ ಸೇರುವುದಿಲ್ಲ. ನನಗೆ ಪರಿಚಯದ ಒಬ್ಬರು, ಗಂಡ ತೀರಿಕೊಂಡ ಮೇಲೆ 56ನೇ ವಯಸ್ಸಿಗೆ ಇಲ್ಲಿಗೆ ಬಂದವರು, ಎಂಟು ವರ್ಷ ಒಂದು ಶಾಲೆಯಲ್ಲಿ ಹೀಗೆ ಸೇವೆ ಮಾಡಿದರು. ಪ್ರತಿ ದಿನ ಸಹಿ ಹಾಕಿದ್ದೇನೆ, ಸರ್ಕಾರದ್ದೇ ಯೋಜನೆ, ಎಲ್ಲ ಲೆಕ್ಕಕ್ಕೆ ಬರುತ್ತಿದೆ ಎಂದುಕೊಂಡಿದ್ದರು. 65 ಹತ್ತಿರ ಬಂದಾಗ, ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆಂದು ಅವರ ಸೋಶಿಯಲ್ ಸೆಕ್ಯುರಿಟಿ ಖಾತೆಯನ್ನು ಮಗಳು ತೆರೆದು ನೋಡಿದಳು. ವರ್ಷಗಳ ಸಾಲಿನ ಎದುರು ಮೇಲಿನಿಂದ ಕೆಳಗಿನವರೆಗೆ ಸೊನ್ನೆ.

ಆ ಸೊನ್ನೆಯ ಬೆಲೆ ಎಷ್ಟು ನೋಡಿ. ಆಸ್ಪತ್ರೆ ಖರ್ಚು ನೋಡಿಕೊಳ್ಳುವ ಮೆಡಿಕೇರ್ ಪಾರ್ಟ್ ಎ ಉಚಿತವಾಗಿ ಸಿಗಲು ನಿಮ್ಮ ಹೆಸರಲ್ಲೋ ಗಂಡನ ಹೆಸರಲ್ಲೋ 40 ಕ್ರೆಡಿಟ್ ಬೇಕು, ಅಂದರೆ ಸುಮಾರು ಹತ್ತು ವರ್ಷದ ದುಡಿಮೆ. ಇಲ್ಲದಿದ್ದರೆ, ಐದು ವರ್ಷ ಇಲ್ಲಿ ವಾಸವಿದ್ದ ಗ್ರೀನ್ ಕಾರ್ಡಿನವರು ದುಡ್ಡು ಕೊಟ್ಟು ಕೊಳ್ಳಬೇಕು. 2025ರಲ್ಲಿ ಅದು ತಿಂಗಳಿಗೆ 518 ಡಾಲರ್ ಇತ್ತು. 30 ಕ್ರೆಡಿಟ್ ಆಗಿದ್ದರೆ 285ಕ್ಕೆ ಇಳಿಯುತ್ತಿತ್ತು. ಸೋಶಿಯಲ್ ಸೆಕ್ಯುರಿಟಿ ಪಿಂಚಣಿಗೂ ಅದೇ 40. ಗ್ರೀನ್ ಕಾರ್ಡಿಗಾಗಿ ತಾಯಿಯ ಖರ್ಚಿಗೆ ತಾನು ಹೊಣೆ ಎಂದು ಮಗ ಸಹಿ ಹಾಕಿಕೊಟ್ಟ ಐ-864 ಪತ್ರದ ಜವಾಬ್ದಾರಿಯೂ ತಾಯಿಗೆ 40 ಕ್ರೆಡಿಟ್ ಆಗುವವರೆಗೆ ಅಥವಾ ಅವರು ಸಿಟಿಜನ್ ಆಗುವವರೆಗೆ ಮುಂದುವರಿಯುತ್ತದೆ.

ಇನ್ನು "ಅಲ್ಲಿ ಮೂವತ್ತು ವರ್ಷ ಟೀಚರ್ ಆಗಿದ್ದೆ, ಅದು ಸೇರೋದಿಲ್ವಾ" ಎನ್ನುವ ಪ್ರಶ್ನೆ. ಸೇರುವುದಿಲ್ಲ. ಭಾರತಕ್ಕೂ ಅಮೆರಿಕಕ್ಕೂ ನಡುವೆ ಅಲ್ಲಿಯ ದುಡಿಮೆಯನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯುವ ಒಪ್ಪಂದವಿಲ್ಲ. ಮಗನ ಕ್ರೆಡಿಟ್ ತಾಯಿಗೆ ಬರುವುದಿಲ್ಲ. "ಹಾಗಾದರೆ ಮೊಮ್ಮಗನನ್ನು ನೋಡಿಕೊಳ್ಳುವುದಕ್ಕೆ ನಾನೇ ಅಮ್ಮನಿಗೆ ಸಂಬಳ ಕೊಡುತ್ತೇನೆ" ಎಂದು ಲೆಕ್ಕ ಹಾಕುವ ಮಕ್ಕಳೂ ಇದ್ದಾರೆ. ಮನೆಗೆಲಸಕ್ಕೆಂದು ತಂದೆತಾಯಿಗೆ ಕೊಟ್ಟ ಸಂಬಳ ಕೆಲವೇ ಸಂದರ್ಭ ಬಿಟ್ಟರೆ ಆ ತೆರಿಗೆಯಿಂದ ಹೊರಗೆ, ಹಾಗಾಗಿ ಕ್ರೆಡಿಟ್ ಇಲ್ಲ. ಪಕ್ಕದ ಮನೆಯವರು ಮಗು ನೋಡಿಕೊಂಡದ್ದಕ್ಕೆ ತೆರಿಗೆ ಕಟ್ಟದೆ ಕೈಗೆ ಕೊಡುವ ನಗದಿನಿಂದಲೂ ಇಲ್ಲ. ಅವರು ವರ್ಷಕ್ಕೆ 2,800 ಡಾಲರ್ ಅಥವಾ ಹೆಚ್ಚು ಕೊಟ್ಟರೆ ತೆರಿಗೆ ಕಟ್ಟಬೇಕಾದ್ದು 2025ರ ನಿಯಮ. ನಾಚಿಕೆ ಬಿಟ್ಟು ಕೇಳಿ, ಅದು ನಿಮ್ಮ ಹಕ್ಕು.

ಪರಿಹಾರ ಅಷ್ಟೇನೂ ಕಷ್ಟದ್ದಲ್ಲ. 2025ರಲ್ಲಿ 1,810 ಡಾಲರ್ ದುಡಿದರೆ ಒಂದು ಕ್ರೆಡಿಟ್ ಸಿಗುತ್ತಿತ್ತು. ವರ್ಷಕ್ಕೆ ನಾಲ್ಕು ಮಾತ್ರ, ಅಂದರೆ ಆ ವರ್ಷ 7,240 ಡಾಲರ್ ಸಾಕಾಗಿತ್ತು, ಅದನ್ನು ವರ್ಷದ ಯಾವ ತಿಂಗಳಲ್ಲಿ ದುಡಿದರೂ ಸರಿ. ಸ್ಕೂಲಿನ ಕೆಫೆಟೀರಿಯಾದಲ್ಲೋ ಡೇಕೇರ್‌ನಲ್ಲೋ ಡಬ್ಲ್ಯೂ-2 (ಸಂಬಳ, ಮುರಿದ ತೆರಿಗೆಯ ಲೆಕ್ಕದ ಪತ್ರ) ಕೊಡುವ ಅರೆಕಾಲಿಕ ಕೆಲಸ ಹಿಡಿದು, ಉಳಿದ ದಿನ ವಾಲಂಟಿಯರ್ ಆಗಿ. ಇದಕ್ಕೆ ವಯಸ್ಸಿನ ಮಿತಿಯಿಲ್ಲ, 65ರ ನಂತರದ ದುಡಿಮೆಯೂ ಸೇರುತ್ತದೆ. ಆದರೆ ಈ ಸಂಬಳ ಆದಾಯದ ಲೆಕ್ಕಕ್ಕೆ ಬರುತ್ತದೆ. ಮೆಡಿಕೇಯ್ಡ್ (ಆದಾಯ ಕಡಿಮೆ ಇರುವವರ ಸರ್ಕಾರಿ ಆರೋಗ್ಯ ವಿಮೆ) ಇದ್ದವರು ಕೆಲಸಕ್ಕೆ ಸೇರುವ ಮೊದಲೇ ವಿಚಾರಿಸಿಕೊಳ್ಳಬೇಕು. ವಯಸ್ಸು, ಆರೋಗ್ಯ ಕೈಕೊಟ್ಟು ದುಡಿಯಲಾಗದಿದ್ದರೆ, ಆದಾಯ ತೀರಾ ಕಡಿಮೆ ಇರುವವರ ಮೆಡಿಕೇರ್ ಕಂತನ್ನು ರಾಜ್ಯವೇ ಕಟ್ಟುವ ಕ್ಯೂಎಂಬಿ ಎಂಬ ಸೌಲಭ್ಯವಿದೆ. ಪ್ರತಿ ರಾಜ್ಯದಲ್ಲೂ ಶಿಪ್ ಎಂಬ ಮೆಡಿಕೇರ್ ಸಲಹಾ ಕೇಂದ್ರವಿದೆ, ಅಲ್ಲಿ ಉಚಿತವಾಗಿ ವಿವರಿಸುತ್ತಾರೆ.

ಸ್ಟೈಪೆಂಡ್ ಸಂಬಳವಲ್ಲ ಎಂಬುದರಿಂದ ಒಳ್ಳೆಯದೂ ಆಗುತ್ತದೆ. 1973ರ ಡೊಮೆಸ್ಟಿಕ್ ವಾಲಂಟಿಯರ್ ಸರ್ವೀಸ್ ಕಾಯಿದೆಯ ಪ್ರಕಾರ ಈ ಹಣಕ್ಕೆ ತೆರಿಗೆಯಿಲ್ಲ, ಇದನ್ನು ತೋರಿಸಿ ಫುಡ್ ಸ್ಟಾಂಪ್, ಮೆಡಿಕೇಯ್ಡ್, ಸರ್ಕಾರಿ ಮನೆ ಬಾಡಿಗೆ ರಿಯಾಯಿತಿ ಯಾವುದನ್ನೂ ಕಡಿತ ಮಾಡುವಂತಿಲ್ಲ. ಕೌಂಟರಿನಲ್ಲಿ ಕೂತವರಿಗೆ ಇದು ಗೊತ್ತಿರಲೇಬೇಕೆಂದಿಲ್ಲ. ಕಾಯಿದೆಯನ್ನು ಉಲ್ಲೇಖಿಸಿದ ಪತ್ರವೊಂದನ್ನು ಯೋಜನೆಯ ಕಚೇರಿಯಿಂದ ಬರೆಸಿಕೊಂಡು ಬ್ಯಾಗಿನಲ್ಲಿಟ್ಟುಕೊಳ್ಳಿ. ಈ ರಕ್ಷಣೆ ಈ ಯೋಜನೆಯ ಹಣಕ್ಕೆ ಮಾತ್ರ. ಯಾವುದೋ ಸಂಸ್ಥೆ ತನ್ನಷ್ಟಕ್ಕೆ ಕೊಡುವ "ವಾಲಂಟಿಯರ್ ಕಾಣಿಕೆ"ಗೆ ಇದು ತಾನಾಗಿ ಸಿಗುವುದಿಲ್ಲ.

ಈ ಒಂದು ವಿಷಯದಲ್ಲಿ ಅಮೆರಿಕದ ವ್ಯವಸ್ಥೆಯೇ ಮೇಲು ಎನ್ನುತ್ತೇನೆ. ನಮ್ಮಲ್ಲಿ ಆಶಾ ಕಾರ್ಯಕರ್ತೆಯರಿಗೆ ಸ್ವಯಂಸೇವಕಿಯರೆಂದು ಹೆಸರಿಟ್ಟು, ದಿನವಿಡೀ ದುಡಿಸಿಕೊಂಡು, ಪ್ರೋತ್ಸಾಹಧನ ಕೈಗಿಟ್ಟು ಬೀದಿಯಲ್ಲಿ ಧರಣಿ ಕೂರುವಂತೆ ಮಾಡಿದ್ದೇವೆ. ಇಲ್ಲಿ ಸೇವೆ ಎಲ್ಲಿ ಮುಗಿಯುತ್ತದೆ, ಉದ್ಯೋಗ ಎಲ್ಲಿ ಶುರುವಾಗುತ್ತದೆ ಎಂದು ಕಾನೂನು ಗೆರೆ ಎಳೆದಿದೆ.

ಆ ಗೆರೆಯನ್ನು ನಮ್ಮವರೇ ದಾಟುವುದು ನೋಡಿ ಸಿಟ್ಟು ಬರುತ್ತದೆ. ಲಾಭಕ್ಕಾಗಿ ನಡೆಯುವ ಕ್ಯಾಟರಿಂಗ್, ಮನೆಯ ಡೇಕೇರ್, ಅಂಗಡಿ ಇಂಥವು ಯಾರನ್ನೂ ವಾಲಂಟಿಯರ್ ಎಂದು ದುಡಿಸಿಕೊಳ್ಳುವಂತಿಲ್ಲ. "ಆಂಟಿ, ಸುಮ್ಮನೆ ಮನೇಲಿರ್ತೀರಲ್ಲ, ಬನ್ನಿ, ನಿಮಗೂ ಹೊತ್ತು ಹೋಗುತ್ತೆ" ಎಂದು ಕರೆದು ನೂರು ಜನರ ಚಪಾತಿ ಲಟ್ಟಿಸುವುದು ಸೇವೆಯಲ್ಲ. ವಿಸಿಟರ್ ವೀಸಾದಲ್ಲಿ ಬಂದ ತಾಯಂದಿರಂತೂ ಅಂಥ ಕಡೆ ಕಾಲಿಡಲೇಬೇಡಿ, ಸ್ಟೈಪೆಂಡ್ ಇರುವ ಯಾವುದನ್ನೂ ಒಪ್ಪಿಕೊಳ್ಳಬೇಡಿ. ಅನುಮತಿಯಿಲ್ಲದೆ ಉದ್ಯೋಗ ಮಾಡಿದರೆಂದು ದಾಖಲಾದರೆ ಮುಂದಿನ ವೀಸಾಕ್ಕೇ ಕುತ್ತು.

ಸೇರುವ ಮನಸ್ಸಿದ್ದರೆ ಹಿರಿಯರ ಸೇವೆಗಳನ್ನು ನೋಡಿಕೊಳ್ಳುವ, ನಿಮ್ಮ ಕೌಂಟಿಯ ಏರಿಯಾ ಏಜೆನ್ಸಿ ಆನ್ ಏಜಿಂಗ್ ಕಚೇರಿಗೆ ಫೋನ್ ಮಾಡಿ, ಈ ಯೋಜನೆಗಳು ಅಲ್ಲಿ ಈಗ ನಡೆಯುತ್ತಿವೆಯೇ ಎಂದು ಕೇಳಿ. ಎಲ್ಲ ಊರಲ್ಲೂ ಇರುವುದಿಲ್ಲ. ಬೆರಳಚ್ಚು ತೆಗೆದು ಹಿನ್ನೆಲೆ ಪರಿಶೀಲಿಸುತ್ತಾರೆ, ಅದರ ಖರ್ಚು ಸಂಸ್ಥೆಯದು. ಅದಕ್ಕೆಂದು ಯಾರಾದರೂ ನಿಮ್ಮಿಂದ ದುಡ್ಡು ಕೇಳಿದರೆ ಕೊಡಬೇಡಿ. ಅರ್ಜಿ ಹಾಕುವ ದಿನವೇ ಅಮ್ಮನ ಹೆಸರಲ್ಲಿ ಸೋಶಿಯಲ್ ಸೆಕ್ಯುರಿಟಿಯ ಆನ್‌ಲೈನ್ ಖಾತೆ ತೆರೆದು, ಎಷ್ಟು ಕ್ರೆಡಿಟ್ ಇದೆ ಎಂದು ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿ.