ಎಂಬತ್ತು ಡಿಗ್ರಿಯಿಂದ ನಲವತ್ತೈದಕ್ಕೆ: ಒಟ್ಟಾವಾದ ಹಳೇ ಮನೆ ಬೆಚ್ಚಗಾದ ಬಗೆ

ನಾವು ಕೊಂಡದ್ದು ಕೆನಡಾದ ಒಟ್ಟಾವಾದಲ್ಲಿ 1930ರ ದಶಕದ ಇಟ್ಟಿಗೆ ಮನೆ. ನೆಲಮಾಳಿಗೆಯಲ್ಲಿ ಗ್ಯಾಸ್ ಬಾಯ್ಲರ್, ಕಿಟಕಿಗಳ ಕೆಳಗೆ ಎರಕದ ಕಬ್ಬಿಣದ ರೇಡಿಯೇಟರ್‌ಗಳು. ಬಾಯ್ಲರ್ ಹೊತ್ತಿಕೊಂಡರೆ 80 ಡಿಗ್ರಿ ನೀರು ಹರಿದು, ರೇಡಿಯೇಟರ್ ಮುಟ್ಟಿದ ಕೈ ಚುರ್ ಎನ್ನುತ್ತಿತ್ತು. ಅರ್ಧ ಗಂಟೆ ಸೆಕೆ, ಆಮೇಲೆ ಮತ್ತೆ ಚಳಿ. ಆ ಬಾಯ್ಲರಿಗೆ ವಯಸ್ಸಾಗಿತ್ತು. ಅದನ್ನು ತೆಗೆದು ಹೀಟ್ ಪಂಪ್ ಹಾಕಬೇಕು, ಎಂಥ ಚಳಿಯಲ್ಲೂ 45 ಡಿಗ್ರಿ ನೀರು ಸಾಕಾಗಬೇಕು ಎಂದು ಪಣ ತೊಟ್ಟೆ. ಹೊರಗಿನ ಕೊರೆಯುವ ಗಾಳಿಯಿಂದಲೂ ಹೀಟ್ ಪಂಪ್ ಶಾಖ ಎತ್ತಬಲ್ಲದು. ಆದರೆ ನೀರು ಹೆಚ್ಚು ಬಿಸಿಯಾಗಬೇಕು ಎಂದಷ್ಟೂ ಅದಕ್ಕೆ ಹೆಚ್ಚು ಕರೆಂಟ್ ಬೇಕು.

ಮೊದಲ ಆಶ್ಚರ್ಯ ಸಿಕ್ಕಿದ್ದು ಗ್ಯಾಸ್ ಬಿಲ್ಲಿನಲ್ಲಿ. ಹಳೇ ಬಾಯ್ಲರಿನ ಫಲಕದ ಮೇಲೆ 38 ಕಿಲೋವಾಟ್ ಎಂದಿತ್ತು. ಸ್ನಾನದ ನೀರಿನ ಪಾಲು ಕಳೆದರೆ ನಾವು ವರ್ಷಕ್ಕೆ ಸುಡುತ್ತಿದ್ದದ್ದು ಸುಮಾರು 3,600 ಘನ ಮೀಟರ್ ಗ್ಯಾಸ್. ಘನ ಮೀಟರಿಗೆ 10.4 ಯೂನಿಟ್, ಬಾಯ್ಲರಿನ ದಕ್ಷತೆ ಶೇಕಡಾ 80 ಎಂದು ಹಿಡಿದು, ಬಂದದ್ದನ್ನು ಊರಿನ ಸುಮಾರು 4,500 ಡಿಗ್ರಿ-ದಿನಗಳಿಗೆ (ದಿನದ ಸರಾಸರಿ 18 ಡಿಗ್ರಿಗಿಂತ ಎಷ್ಟು ಕೆಳಗಿಳಿಯುತ್ತದೋ ಅದರ ವರ್ಷದ ಮೊತ್ತ) ಹಂಚಿದೆ. ಕಟ್ಟಡ ಸಂಹಿತೆ ಒಟ್ಟಾವಾಕ್ಕೆ ಹೇಳುವ ಮೈನಸ್ 25ರ ಚಳಿಯಲ್ಲೂ ಮನೆಗೆ ಬೇಕಾದದ್ದು 12 ಕಿಲೋವಾಟ್ ಮಾತ್ರ! ಬೇಕಾದ್ದಕ್ಕಿಂತ ಮೂರು ಪಟ್ಟು ದೊಡ್ಡ ಯಂತ್ರ ಇಷ್ಟು ವರ್ಷ ಹತ್ತುತ್ತಾ ಆರುತ್ತಾ ಕಾಲ ಕಳೆದಿತ್ತು. ಬಿಲ್ಲುಗಳು ಕೈಯಲ್ಲಿದ್ದರೆ ಈ ಲೆಕ್ಕ ಒಂದು ಸಂಜೆಯ ಕೆಲಸ. ಯಾರಾದರೂ ದೊಡ್ಡ ಯಂತ್ರ ತೋರಿಸಿ ದರ ಹೇಳುವ ಮೊದಲು ಇದನ್ನು ಮಾಡಿಟ್ಟುಕೊಳ್ಳಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಆಮೇಲೆ ಶಾಖ ಸೋರುವುದನ್ನು ತಡೆಯುವ ಕೆಲಸ. ಅಟ್ಟಕ್ಕೆ ಸೆಲ್ಯುಲೋಸ್ (ಕಾಗದದ ಚೂರಿನಿಂದ ಮಾಡಿದ ಶಾಖ ತಡೆ) ತುಂಬಿಸಿದೆವು, ನೆಲಮಾಳಿಗೆಯ ಗೋಡೆಯ ಮೇಲಂಚಿನಲ್ಲಿ ತೊಲೆಗಳ ನಡುವಿನ ಸಂದುಗಳಿಗೆ ಫೋಮ್ ಹೊಡೆಸಿದೆವು, ಕಿಟಕಿಗಳ ಬಿರುಕು ಮುಚ್ಚಿದೆವು. ಇಟ್ಟಿಗೆ ಗೋಡೆಗೆ ಒಳಗಿನಿಂದ ದಪ್ಪ ಪದರ ಹಾಕಲು ಮಾತ್ರ ಧೈರ್ಯ ಬರಲಿಲ್ಲ. ಒಳಗಿನ ಶಾಖ ತಲುಪದಿದ್ದರೆ ಇಟ್ಟಿಗೆ ಒದ್ದೆಯಾಗಿಯೇ ಉಳಿಯುತ್ತದೆ, ಆ ನೀರು ಹೆಪ್ಪುಗಟ್ಟಿ ಕರಗಿ ಮತ್ತೆ ಹೆಪ್ಪುಗಟ್ಟಿ ಇಟ್ಟಿಗೆಯ ಮುಖವೇ ಚಕ್ಕೆ ಏಳುತ್ತದೆ. ಇಷ್ಟಾದ ಮೇಲೆ ಕೋಣೆ ಕೋಣೆಯ ನಷ್ಟ ಲೆಕ್ಕ ಹಾಕಿ ಕೂಡಿದರೆ 8.5 ಕಿಲೋವಾಟ್.

ಮನೆಯ ಮೊತ್ತಕ್ಕಿಂತ ಆ ಕೋಣೆ ಕೋಣೆಯ ಪಟ್ಟಿಯೇ ನನಗೆ ಹೆಚ್ಚು ಪಾಠ ಕಲಿಸಿತು. ರೇಡಿಯೇಟರಿನ ಸಾಮರ್ಥ್ಯವನ್ನು ಕೋಣೆಗಿಂತ ಅದು 50 ಡಿಗ್ರಿ ಹೆಚ್ಚು ಬಿಸಿಯಿದ್ದಾಗಿನ ಲೆಕ್ಕದಲ್ಲಿ ಹೇಳುತ್ತಾರೆ. 45 ಡಿಗ್ರಿಯಲ್ಲಿ ಹೋದ ನೀರು 40ರಲ್ಲಿ ಮರಳಿದರೆ ಆ ಅಂತರ 22.5 ಡಿಗ್ರಿಗೆ ಇಳಿದು, ಸಾಮರ್ಥ್ಯದ ಶೇಕಡಾ 35ರಷ್ಟೇ ಸಿಗುತ್ತದೆ. ಹಿಂದಿನವರು ಧಾರಾಳವಾಗಿ ದೊಡ್ಡ ರೇಡಿಯೇಟರ್ ಹಾಕಿದ್ದರಿಂದ ಹೆಚ್ಚಿನ ಕೋಣೆಗಳು ಪಾಸಾದವು. ಗ್ಯಾರೇಜಿನ ಮೇಲಿರುವ ಈಶಾನ್ಯದ ಮಲಗುವ ಕೋಣೆ ಮಾತ್ರ ಆಗಲಿಲ್ಲ. ಅದಕ್ಕೆ ಬೇಕಾದದ್ದು 1.1 ಕಿಲೋವಾಟ್, ಅಲ್ಲಿನ ರೇಡಿಯೇಟರಿಂದ ಬರುವುದು 0.67. ಅದೊಂದನ್ನು ಬೆಚ್ಚಗಿಡಲು ನೀರು 55 ಡಿಗ್ರಿ ಆಗಬೇಕು. ನೀರು ಎಲ್ಲ ಕೋಣೆಗೂ ಒಂದೇ ಆದ್ದರಿಂದ ಒಂದು ಕೋಣೆಗಾಗಿ ಇಡೀ ಮನೆ ವರ್ಷವರ್ಷವೂ ದಂಡ ತೆರಬೇಕು. ಹಾಗಾಗಿ ಗ್ಯಾರೇಜಿನ ಸೀಲಿಂಗಿಗೆ ಇನ್ಸುಲೇಷನ್ ತುಂಬಿಸಿ ನಷ್ಟವನ್ನು 0.8ಕ್ಕೆ ಇಳಿಸಿ, ಹಳೇ ರೇಡಿಯೇಟರ್ ತೆಗೆದು ಮೂರು ಪದರದ ಪ್ಯಾನೆಲ್ ರೇಡಿಯೇಟರ್ ಹಾಕಿಸಿದೆ. ಇಡೀ ಕೆಲಸದಲ್ಲಿ ಅತ್ಯಂತ ಸಾರ್ಥಕವಾಗಿ ಖರ್ಚಾದ ಹಣ ಅದೇ.

ಅಡುಗೆಮನೆಯಲ್ಲಿ ರೇಡಿಯೇಟರಿಗೆ ಜಾಗವಿರಲಿಲ್ಲ. ಮರದ ನೆಲದ ಅಡಿಯಲ್ಲಿ ಅಲ್ಯೂಮಿನಿಯಂ ತಗಡು ಬಡಿದು ಅದರೊಳಗೆ ಬಿಸಿನೀರು ಹರಿಯುವ ಪೆಕ್ಸ್ ಎಂಬ ಪ್ಲಾಸ್ಟಿಕ್ ಪೈಪ್ ಕೂರಿಸಬೇಕಿತ್ತು. ಕೆಲಸದವರು ತಂದ ಪೈಪಿನ ಸುರುಳಿಯ ಮೇಲಿನ ಅಕ್ಷರ ಓದಿದೆ, ಕುಡಿಯುವ ನೀರಿನ ಪೈಪ್ ಅದು. ಆಮ್ಲಜನಕ ತಡೆಯುವ ಪದರವಿಲ್ಲ. ಅಂಥ ಪೈಪಿನ ಗೋಡೆಯ ಮೂಲಕ ಗಾಳಿಯ ಆಮ್ಲಜನಕ ನೀರಿಗೆ ಇಳಿದು ಕಬ್ಬಿಣದ ರೇಡಿಯೇಟರ್, ಪಂಪ್ ಎಲ್ಲವೂ ಒಳಗಿನಿಂದ ತುಕ್ಕು ಹಿಡಿಯುತ್ತವೆ. ಎರಡು ದಿನ ಕೆಲಸ ನಿಂತಿತು, ಮಾತಿಗೆ ಮಾತು ಬೆಳೆಯಿತು, ಕೊನೆಗೆ ಸರಿಯಾದ ಪೈಪ್ ಬಂತು. ನೆಲದೊಳಗೆ ಮುಚ್ಚಿಹೋಗುವ ಯಾವುದನ್ನೂ ಓದದೆ ಬಿಡಬೇಡಿ.

ಹಳೇ ಮನೆಯಿಂದ ಒಂದು ಉಪಕಾರವೂ ಆಯಿತು. ಪಂಪ್ ಇಲ್ಲದೆ, ಬಿಸಿನೀರು ತಾನಾಗಿ ಮೇಲೇರುವ ನಂಬಿಕೆಯಲ್ಲಿ ಹಾಕಿದ ದಪ್ಪ ಕೊಳವೆಗಳು ಅಲ್ಲಿದ್ದವು. ಹೋಗುವ ಬರುವ ನೀರಿನ ನಡುವೆ 5 ಡಿಗ್ರಿಯೇ ಅಂತರವಿದ್ದರೆ ನಿಮಿಷಕ್ಕೆ ಸುಮಾರು 24 ಲೀಟರ್ ಹರಿಯಬೇಕು. ಆ ಕೊಳವೆಗಳಿಗೆ ಅದು ಲೆಕ್ಕವೇ ಅಲ್ಲ. ದಶಕಗಳ ಕರಿ ಕೆಸರನ್ನು ಮಾತ್ರ ಚೆನ್ನಾಗಿ ತೊಳೆಸಬೇಕಾಯಿತು, ಕಸ ಹಿಡಿಯುವ ಆಯಸ್ಕಾಂತದ ಫಿಲ್ಟರೂ ಬೇಕಾಯಿತು.

ಹೀಟ್ ಪಂಪ್ ಕೊಳ್ಳುವಾಗ ನಾನು ನೋಡಿದ್ದು ಮೈನಸ್ 15ರಲ್ಲಿ ಅದರ ಸಾಮರ್ಥ್ಯ; ಪ್ಲಸ್ 7ರಲ್ಲಿ ಎಲ್ಲವೂ ಶೂರವೇ. ಮೈನಸ್ 15ರವರೆಗೆ ಅದೊಂದೇ ಸಾಕು, ಇನ್ನೂ ಇಳಿದರೆ ಕರೆಂಟಿನಿಂದ ನೀರು ಕಾಯಿಸುವ 3 ಕಿಲೋವಾಟಿನ ಕಾಯಿಲ್ ಜೊತೆಗೂಡುತ್ತದೆ. ಹೊರಗಿನ ಚಳಿಗೆ ತಕ್ಕಂತೆ ನೀರಿನ ಬಿಸಿ ಏರಿಳಿಯುವ ಹಾಗೆ ಹೊಂದಿಸಿದ್ದೇನೆ: ಹೊರಗೆ ಮೈನಸ್ 25 ಇದ್ದರೆ 45, ಸೊನ್ನೆ ಇದ್ದರೆ ಸುಮಾರು 35. ಮೊದಲ ಚಳಿಗಾಲದಲ್ಲಿ ಮೂರು ದಿನಕ್ಕೊಮ್ಮೆ ಒಂದೊಂದು ಡಿಗ್ರಿ ಇಳಿಸುತ್ತಾ, ಈಶಾನ್ಯದ ಕೋಣೆಯ ಥರ್ಮಾಮೀಟರ್ 20ಕ್ಕೆ ಇಳಿದ ದಿನ ನಿಲ್ಲಿಸಿದೆ.

ಆ ವರ್ಷ ಸಾಗರದಿಂದ ಬಂದಿದ್ದ ಅಮ್ಮ ರೇಡಿಯೇಟರ್ ಮುಟ್ಟಿ ನೋಡಿ, "ಇದು ಕೆಟ್ಟಿದ್ಯೇನೋ ಮಾರಾಯ, ಬಿಸಿಯೇ ಇಲ್ಲ" ಎಂದರು. ಕೋಣೆಯಲ್ಲಿ 21 ಡಿಗ್ರಿ ಇತ್ತು, ಅವರು ಸ್ವೆಟರ್ ಬಿಚ್ಚಿಟ್ಟು ಕೂತಿದ್ದರು. ಬೆಳಗ್ಗೆ ಚಹಾ ಹಿಡಿದು ಅಡುಗೆಮನೆಯ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲುವುದು ಅವರಿಗೆ ರೂಢಿಯಾಯಿತು. ಮಹಡಿಯ ಬಚ್ಚಲುಮನೆ ಮಾತ್ರ ಇನ್ನೂ ಒಂದೂವರೆ ಡಿಗ್ರಿ ತಣ್ಣಗಿದೆ. ಅಲ್ಲಿನ ಚಿಕ್ಕ ರೇಡಿಯೇಟರ್ ಬದಲಿಸುವುದು ಬರುವ ಬೇಸಿಗೆಯ ಕೆಲಸ.